ಕಿಟಕಿಗೆ ಕೈ ಮುಗಿಯುವ ಚನ್ನೇಶ

ಹಿರೇಕೆರೂರಿನ ಚನ್ನೇಶನ ಸ್ಟುಡಿಯೋದಲ್ಲಿ ಮದುವೆ ಫೋಟೋ ತೆಗೆಯುವುದಿಲ್ಲ. ಬೀಜದ ಅಂಗಡಿಯ ಗೋವಿನಜೋಳ, ಭಾಂಡೆ ಅಂಗಡಿಯ ಹಿತ್ತಾಳೆ ಕೊಡ, ಹೀಗೆ ಮಿಸುಕದೆ ಕೂರುವ ಗಿರಾಕಿಗಳೇ ಅವನಿಗೆ ಪ್ರೀತಿ. ಫ್ಲ್ಯಾಶ್ ಎಂದರೆ ಮೈಯೆಲ್ಲ ಉರಿ. ಕಿಟಕಿಗೆ ತೆಳ್ಳನೆಯ ಬಿಳಿ ಧೋತರ ಕಟ್ಟಿ, "ತಡೀರಿ, ಮೋಡ ಸರೀಲಿ" ಎನ್ನುತ್ತ ಒಂದೇ ತೆನೆಯೆದುರು ಮೂರು ಚಹಾ ಮುಗಿಸುತ್ತಾನೆ. ತೆನೆಯನ್ನು ಎಳ್ಳಿನಷ್ಟು ಆಚೆ, ಎಳ್ಳಿನಷ್ಟು ಈಚೆ ಸರಿಸುತ್ತಾನೆ. ಮಾತು ಕೇಳದಿದ್ದರೆ ಅದನ್ನೇ ಬೈಯುತ್ತಾನೆ. ಕೆಲಸ ಮುಗಿದ ಮೇಲೆ ಬೆಳಕು ಕೊಟ್ಟ ಕಿಟಕಿಗೆ ಕೈ ಮುಗಿಯುತ್ತಾನೆ, ನೋಡಿದವರು ನಗುತ್ತಾರೆ. ಮೊನ್ನೆ ತಿಳವಳ್ಳಿಯ ಫಕ್ಕೀರವ್ವ, ತೀರಿಹೋದ ಗಂಡ ಕೊನೆಯ ಸಲ ತಲೆಗೆ ಸುತ್ತಿ ತೆಗೆದಿಟ್ಟ ಬಿಳಿ ರುಮಾಲನ್ನು ಬುಟ್ಟಿಯಲ್ಲಿಟ್ಟು, ಬಸ್ಸಿನ ಕುಲುಕಾಟಕ್ಕೆ ಸಡಿಲಾಗದಂತೆ ತೊಡೆಯ ಮೇಲೆ ಹಿಡಿದುಕೊಂಡು ತಂದಳು. "ಬಿಚ್ಚಿ ಹೋಗೂಕಿಂತ ಮೊದ್ಲ ಒಂದು ಫೋಟೋ ತಗದುಕೊಡೋ ಯಪ್ಪಾ" ಎಂದಳು. ಅಂದು ಚನ್ನೇಶ ರುಮಾಲಿಗೆ ಬೆರಳು ಸೋಕಿಸಲಿಲ್ಲ. "ಸುತ್ತಿದ ಕೈ ಅವರದು, ನಾ ಮುಟ್ಟಬಾರ್ದು ಬೇ" ಎಂದು ಅವಳಿಂದಲೇ ಮೇಜಿನ ಮೇಲಿಡಿಸಿ, ಸರಿಸಬೇಕಾದಾಗಲೆಲ್ಲ ಮೇಜನ್ನೇ ಸರಿಸಿದ. ಬೆಳಕು ಹೆಚ್ಚಾಗಿ ಫೋಟೋದಲ್ಲಿ ಬಿಳಿ ಬಟ್ಟೆಯ ಮಡಿಕೆಗಳು ಅಳಿಸಿಹೋಗದಂತೆ, ಕ್ಯಾಮೆರಾದೊಳಗೆ ಬರುವ ಬೆಳಕನ್ನು ಚೂರುಚೂರೇ ತಗ್ಗಿಸುತ್ತ ಇಡೀ ಮಧ್ಯಾಹ್ನ ಕಳೆದ. ಕೊನೆಗೆ ಬಂದ ಫೋಟೋದಲ್ಲಿ ಒಂದೊಂದು ಸುತ್ತೂ ಎಣಿಸುವಂತಿತ್ತು. ಫಕ್ಕೀರವ್ವ ಎಡಗಡೆ ಬೆರಳಿಟ್ಟಳು: "ಇಲ್ಲೊಂದು ಸುತ್ತು ಸಡ್ಲ ಬಿಡ್ತಿದ್ರು. ದಿನಾ ಬೈತಿದ್ದೆ." ತನಗೆ ಕೈ ಮುಗಿಯಲು ಬಂದವಳಿಗೆ ಚನ್ನೇಶ ಕಿಟಕಿ ತೋರಿಸಿದ. ಅವಳು ನಗಲಿಲ್ಲ, ತಲೆಯ ಮೇಲೆ ಸೆರಗು ಹೊತ್ತು, ಅವನ ಪಕ್ಕದಲ್ಲೇ ನಿಂತು ಕಿಟಕಿಗೆ ಕೈ ಮುಗಿದಳು.