ಕಳೆ ಇರಬೇಕು

ನನ್ನ ಹೆಂಡತಿ ನಲವತ್ತು ದಾಟಿದ ಮೇಲೆ ವಿಶ್ವವಿದ್ಯಾಲಯಕ್ಕೆ ಸೇರಿದಳು. ಅವಳು ಸೇರಿದ ಕೋರ್ಸಿನ ಹೆಸರು ‘ಪ್ರಕೃತಿಪ್ರೇರಿತ ಸ್ಥಳ ವಿನ್ಯಾಸ ಮತ್ತು ನಗರ ಪರಿಸರ’. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನಾನು ಒಂದು ಕಾಲರ್ ಹೊಲಿದು ಗುಂಡಿಯನ್ನೂ ಹಾಕಿರುತ್ತೇನೆ. ಹಾಗಾಗಿ ಅಂಗಡಿಗೆ ಬಂದವರು “ಮನೆಯವರು ಏನು ಓದ್ತಿದ್ದಾರೆ?” ಎಂದು ಕೇಳಿದರೆ, “ಇರುವೆ, ಜೇಡ, ಚರಂಡಿ” ಎಂದಷ್ಟೇ ಹೇಳಿ ಅಳತೆ ಟೇಪು ಕೈಗೆತ್ತಿಕೊಳ್ಳುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅದಕ್ಕೆ ಮುಂಚೆ ಅವಳು ಒಬ್ಬ ಕಟ್ಟಡ ಗುತ್ತಿಗೆದಾರನ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದಳು. ಮೆಟ್ಟಿಲು, ಬಚ್ಚಲು, ಕಿಟಕಿ, ಮತ್ತೆ ಮೆಟ್ಟಿಲು. ಒಮ್ಮೆ ನಿವೇಶನದಲ್ಲಿದ್ದ ಮರವನ್ನೂ ನಕ್ಷೆಯಲ್ಲಿ ಬರೆದಳಂತೆ. ಗುತ್ತಿಗೆದಾರ “ಇದನ್ನ ಅಳಿಸಿ, ನಾಳೆ ಇರಲ್ಲ” ಎಂದನಂತೆ. ಅಳಿಸಿದಳು, ಮನೆಗೆ ಬಂದಳು, ಚಪ್ಪಲಿ ಬಿಡುವ ಮೊದಲೇ “ರೀ, ನಾನು ಓದ್ತೀನಿ” ಎಂದಳು. ನನ್ನನ್ನು ಕೇಳಲಿಲ್ಲ, ತಿಳಿಸಿದಳು. ಅವಳ ಸ್ವಭಾವವೇ ಹಾಗೆ. ಯಾರನ್ನೂ ಏನೂ ಕೇಳುವವಳಲ್ಲ. ಬೀರುವನ್ನು ಒಬ್ಬಳೇ ಎಳೆದು ಸೊಂಟ ಹಿಡಿದುಕೊಂಡು ಮಲಗಿದಾಗಲೂ, “ಕರೆಯೋಕೆ ಏನಾಗಿತ್ತು?” ಎಂದರೆ, “ಬಾಯಲ್ಲಿ ಹೇಳೋದಕ್ಕಿಂತ ಕೈಯಲ್ಲಿ ಮಾಡೋದೇ ಬೇಗ” ಎಂದವಳು.

ತರಗತಿಯಲ್ಲಿ ಅವಳೇ ಹಿರಿಯಳು. ಉಳಿದವರೆಲ್ಲ ನಿನ್ನೆ ಮೊನ್ನೆ ಹಲ್ಲು ಬಂದವರು, ಇವಳನ್ನು ‘ಅಕ್ಕ’ ಎನ್ನುತ್ತಿದ್ದರು. ಮನೆಯಲ್ಲಿ ಮಾತ್ರ ಎಲ್ಲೆಲ್ಲೂ ಓದೇ ಓದು. ಊಟದ ಮೇಜಿನ ಮೇಲೆ ರಟ್ಟಿನ ಹುತ್ತ, ಕನ್ನಡಿಗೆ ಅಂಟಿಸಿದ ಜೇಡರ ಬಲೆಯ ಚಿತ್ರ, ನನ್ನ ದಾರದ ಉಂಡೆಗಳಿಂದ ಮಾಡಿದ ಬೇರುಗಳು. ನನಗೂ ಅವಳಿಗೂ ದಿನವೂ ಜಟಾಪಟಿ. ನೇರ ಗೆರೆ ಎಂದರೆ ನನ್ನ ಹೊಟ್ಟೆಪಾಡು. ಅವಳೋ, “ಪ್ರಕೃತಿಯಲ್ಲಿ ನೇರ ಗೆರೆಯೇ ಇಲ್ಲ ರೀ” ಎನ್ನುತ್ತಿದ್ದಳು.

“ಹಂಗಾದ್ರೆ ನಾಳೆಯಿಂದ ಪ್ಯಾಂಟಿನ ಕಾಲು ಸೊಟ್ಟ ಹೊಲೀತೀನಿ. ಗಿರಾಕಿ ಬೈದ್ರೆ ಪ್ರಕೃತಿ ಅಂತೀನಿ.”

“ಗಿರಾಕಿ ಕಾಲು ಸೊಟ್ಟಗೇ ಇರೋದು. ನೀವೇ ಅಳತೆ ತಗೊಂಡಿದ್ದೀರಲ್ಲ.”

ನಾನು ಕತ್ತರಿ ಹುಡುಕತೊಡಗಿದೆ. ನಿಜ ಹೇಳಬೇಕೆಂದರೆ ಅವಳ ಓದಿನಿಂದ ನನಗೆ ಲಾಭವೂ ಆಗಿತ್ತು. ಇಸ್ತ್ರಿಯ ಹಬೆಗೆ ನನ್ನ ಅಂಗಡಿ ಒಲೆಯ ಹಾಗೆ ಕಾಯುತ್ತಿತ್ತು. ಗೆದ್ದಲು ಹುತ್ತದೊಳಗೆ ಗಾಳಿ ಆಡಿಸುವ ಬಗೆಯನ್ನು ಓದಿದವಳೇ ಅಂಗಡಿಯ ಹಿಂದಿನ ಗೋಡೆಯಲ್ಲಿ ನೆಲದ ಹತ್ತಿರ ಒಂದು ಕಿಂಡಿ, ಸೂರಿನ ಹತ್ತಿರ ಒಂದು ಕಿಂಡಿ ಕೊರೆಸಿದಳು. ಬಿಸಿಗಾಳಿ ಮೇಲಿಂದ ಹೋಗಿ ತಂಪುಗಾಳಿ ಕೆಳಗಿಂದ ಬಂತು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸುಖವಾಗಿರುತ್ತದಂತೆ. ನಾನೂ ಹಾಗೇ ಸುಖವಾಗಿದ್ದೆ, ಬಾಯಿಬಿಟ್ಟು ಮಾತ್ರ ಹೇಳಲಿಲ್ಲ.

ಕೊನೆಯ ವರ್ಷ ಒಂದು ಜಾಗವನ್ನು ವಿನ್ಯಾಸ ಮಾಡಿ ತೋರಿಸಬೇಕಿತ್ತು. ಅವಳು ಒಂದು ಹಳೆಯ ಮಾರುಕಟ್ಟೆಯ ನಕ್ಷೆ ಬರೆದಳು. ನೋಡುವುದಕ್ಕೆ ಎರಡು ಕಣ್ಣು ಸಾಲದು. ಪ್ರತಿ ಜೇನುಹುಳಕ್ಕೂ ದಾರಿ, ಪ್ರತಿ ಹನಿ ನೀರಿಗೂ ದಾರಿ. ದಪ್ಪ ಕನ್ನಡಕದ ಪ್ರೊಫೆಸರಮ್ಮ ಒಬ್ಬರು ಅದನ್ನು ಅತ್ತಿಂದಿತ್ತ ನೋಡಿ, “ಎಲ್ಲಾ ಇದೆ, ಜನ ಎಲ್ಲಿ?” ಎಂದರಂತೆ. “ನಗರದ ಪರಿಸರ ಅಂತೀರಿ. ನೀವು ಎದ್ದು ಹೋದ ಮೇಲೆ ಇದನ್ನ ನೋಡ್ಕೊಳ್ಳೋರು ಯಾರು?” ಇವಳು ನಕ್ಷೆ ಸುತ್ತಿಕೊಂಡು ಎದ್ದು ಬಂದಳು. ಫೇಲಾಯಿತು. ಇನ್ನೊಂದೇ ಅವಕಾಶ, ಅದೂ ಹೋದರೆ ಪದವಿ ಇಲ್ಲ.

ಅವತ್ತೇ ರಟ್ಟಿನ ಹುತ್ತವನ್ನು ಮಂಚದ ಕೆಳಗೆ ತಳ್ಳಿಬಿಟ್ಟಳು. ನನ್ನಮ್ಮ ನಮ್ಮ ಜೊತೆಗೇ ಇರುವವರು. ಬಹಳ ವರ್ಷ ಒಂದು ದೊಡ್ಡ ಲಾಂಡ್ರಿಯಲ್ಲಿ ಬಟ್ಟೆ ವಿಂಗಡಿಸುವ ಕೆಲಸ ಮಾಡಿದವರು. ಬಿಳಿ ಬೇರೆ, ಬಣ್ಣ ಬೇರೆ, ಉಣ್ಣೆ ಬೇರೆ. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ, ತಟ್ಟೆಯಲ್ಲಿರುವ ಹಣ್ಣಿನ ಹೋಳುಗಳನ್ನೂ ಬಣ್ಣ ನೋಡಿ ಬೇರೆ ಮಾಡಿಯೇ ತಿನ್ನುತ್ತಾರೆ. ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅವರಿಬ್ಬರೂ ಒಂದು, ನಾನೇ ಹೊರಗಿನವನು. ಅಮ್ಮ ದಿನವೂ ಅವಳ ಗಲ್ಲ ಹಿಡಿದು, “ಮುಖದ ಕಳೆಯೇ ಹೋಯ್ತಲ್ಲೇ. ನೀನು ಹಿಂಗಿದ್ರೆ ಮನೆಗೆ ಎಲ್ಲಿಂದ ಬರುತ್ತೆ ಕಳೆ?” ಎಂದು ಕೊರಗುತ್ತಿದ್ದರು. ಮುಂದಿನ ರಾದ್ಧಾಂತಕ್ಕೆಲ್ಲ ಈ ಎರಡಕ್ಷರದ ಪದವೇ ಮೂಲ.

ಎರಡನೆಯ ಅವಕಾಶಕ್ಕೆ ಅವಳು ದೂರ ಹೋಗಲಿಲ್ಲ. ನಮ್ಮ ಕಟ್ಟಡದ ಹಿಂದೆ ಉದ್ದನೆಯ ಹಿತ್ತಲೊಂದಿದೆ. ಮಾಳಿಗೆಯ ನೀರೆಲ್ಲ ಪೈಪಿನಿಂದ ಅಲ್ಲಿಗೆ ಬಿದ್ದು ವಾರಗಟ್ಟಲೆ ನಿಂತು ಸೊಳ್ಳೆ ಸಾಕುತ್ತಿತ್ತು. ಕಟ್ಟಡದ ಸಂಘದ ಕಾರ್ಯದರ್ಶಿ ಅದಕ್ಕೆ ಕಾಂಕ್ರೀಟು ಹಾಕಿಸಿ ಗಾಡಿ ನಿಲ್ಲಿಸಬೇಕೆಂದಿದ್ದರು. ಅವರು ನಿವೃತ್ತ ಬಸ್ ಕಂಡಕ್ಟರು, ನಾವೆಲ್ಲ ಹಿಂದಿನಿಂದ ‘ರೈಟ್‌ರೈಟ್’ ಎನ್ನುತ್ತೇವೆ. ಇವಳು ಅವರ ಮುಂದೆ ನಿಂತು ಒಂದು ವರ್ಷ ಸಮಯ ಪಡೆದಳು. ಎಲೆಯ ನರಗಳ ಹಾಗೆ ಸಣ್ಣ ಸಣ್ಣ ಕಾಲುವೆ ತೋಡಿ, ತಳಕ್ಕೆ ಒಡೆದ ಇಟ್ಟಿಗೆ ಹಾಕಿ, ಮೇಲೆ ಮಣ್ಣೆಳೆದು ಸುಮ್ಮನಾದಳು. ಒಂದು ಗಿಡವನ್ನೂ ನೆಡಲಿಲ್ಲ.

“ಇಷ್ಟೇನಾ?” ಎಂದೆ.

“ಇನ್ನು ಬರೋರು ಬರ್ತಾರೆ” ಎಂದಳು.

ಬಂದರು. ಗಾಳಿಯಲ್ಲಿ, ಹಕ್ಕಿಯ ಹೊಟ್ಟೆಯಲ್ಲಿ, ನನ್ನ ಚಪ್ಪಲಿಯ ಅಡಿಯಲ್ಲಿ ಬೀಜಗಳು ಬಂದವು. ಸೊಂಟದೆತ್ತರ ಹಸಿರು ಎದ್ದಿತು. ಅದರಲ್ಲಿ ಅಂಗಿಯ ಗುಂಡಿಯಷ್ಟೇ ದೊಡ್ಡ ನೇರಳೆ ಹೂಗಳು, ಅದಕ್ಕೆ ಜೇನು, ಮೇಲೆ ಏರೋಪ್ಲೇನ್ ಚಿಟ್ಟೆಗಳ ಹಾರಾಟ. ಮಳೆ ಬಿದ್ದ ಮರುದಿನವೇ ನೀರು ಮಾಯ. ಆದರೆ ಕಟ್ಟಡದವರ ಕಣ್ಣಿಗೆ ಅದು ಕಾಡು. “ಮೇಡಮ್ಮು ಓದಿ ಓದಿ ಹಿತ್ತಲು ಹಾಳು ಮಾಡಿದ್ರು” ಎಂದು ಮೆಟ್ಟಿಲಲ್ಲಿ ಗುಸುಗುಸು. ಇವಳು ಯಾರಿಗೂ ವಿವರಿಸಲಿಲ್ಲ. ಒಬ್ಬಳೇ ಹೋಗುವಳು, ಒಬ್ಬಳೇ ಬರುವಳು. ಆ ಗಿಡಗಳನ್ನು ಅವಳು ಕರೆಯುತ್ತಿದ್ದುದು ‘ತಾನಾಗಿ ಬೆಳೆದ ಸಸ್ಯವರ್ಗ’ ಎಂದು. ಅಮ್ಮ ಮಾತ್ರ, ಸೊಸೆ ಒಳಗೆಲ್ಲೋ ಒಳ್ಳೆಯ ಗಿಡ ಬೆಳೆಸುತ್ತಿದ್ದಾಳೆ, ಓದಿನ ನಡುವೆ ಪಾಪ ಸುತ್ತ ಸ್ವಚ್ಛ ಮಾಡಲು ಪುರಸೊತ್ತಿಲ್ಲ ಎಂದುಕೊಂಡಿದ್ದರಂತೆ. ಇದು ಆಮೇಲೆ ತಿಳಿದದ್ದು.

ಪರೀಕ್ಷೆಯ ಹಿಂದಿನ ದಿನ ಅವಳು ನಕ್ಷೆಗಳ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ವಿಶ್ವವಿದ್ಯಾಲಯಕ್ಕೆ ಓಡುತ್ತಿದ್ದಳು. ಪರೀಕ್ಷಕರು ಹಿತ್ತಲಿಗೇ ಬರುವವರಿದ್ದರು. ರೈಟ್‌ರೈಟ್ ಅವರು ಉತ್ಸಾಹದಲ್ಲಿ ಎಲ್ಲಿ ಅದನ್ನು ಸವರಿಬಿಡುತ್ತಾರೋ ಎಂಬ ಭಯ ಅವಳಿಗೆ. ವರ್ಷವಿಡೀ ‘ಸಸ್ಯವರ್ಗ’ ಎಂದ ಬಾಯಿ ಅಂದು ಅವಸರದಲ್ಲಿ ಬೀದಿಯ ಮಾತಿಗೆ ಇಳಿಯಿತು. ಮೆಟ್ಟಿಲಿಂದಲೇ ಕೂಗಿದಳು:

“ಅತ್ತೆ, ನಾಳೆ ಪರೀಕ್ಷಕರು ಬಂದಾಗ ಹಿತ್ತಲಲ್ಲಿ ಚೆನ್ನಾಗಿ ಕಳೆ ಇರಬೇಕು! ಸ್ವಲ್ಪ ನೋಡ್ಕೊಳ್ಳಿ!”

“ನೀನು ಹೋಗು. ನಾನಿಲ್ವಾ?” ಎಂದರು ಅಮ್ಮ.

ಮರುದಿನ ಬೆಳಗ್ಗೆ ನಾನು ಹಲ್ಲುಜ್ಜುತ್ತಾ ಹಿಂದಿನ ಕಿಟಕಿ ತೆರೆದೆ. ಹಿತ್ತಲು ಹೊಸ ಕ್ಷೌರ ಮಾಡಿಸಿದ ತಲೆಯ ಹಾಗೆ ನುಣ್ಣಗಿತ್ತು. ನಡುವೆ ಅಮ್ಮ ಮೊಣಕಾಲು ಹಿಡಿದುಕೊಂಡು ಕುಳಿತಿದ್ದರು, ಮುಖದ ತುಂಬ ನಗು. ಹಿಂದಿನ ಸಂಜೆಯೇ ನೀರು ಹಾಯಿಸಿ ಮಣ್ಣು ಮೆತ್ತಗೆ ಮಾಡಿ, ನಸುಕಿನಲ್ಲಿ ಒಂದೊಂದನ್ನೂ ಬೇರು ಸಮೇತ ಕಿತ್ತಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬಾಯಲ್ಲಿದ್ದ ನೊರೆ ನುಂಗಿಬಿಟ್ಟೆ.

ಹೆಂಡತಿ ನನ್ನ ಹಿಂದೆಯೇ ಬಂದು ನೋಡಿದಳು. ಕೆಳಗೆ ಓಡಿದಳು. ನಾನೂ ಓಡಿದೆ.

“ಏನು ಮಾಡಿಬಿಟ್ರಿ ಅತ್ತೆ!”

“ಯಾಕೆ? ನೀನೇ ಹೇಳಿದ್ಯಲ್ಲ, ಕಳೆ ಇರಬೇಕು ಅಂತ. ಈ ಕಾಡು ಇಟ್ಕೊಂಡ್ರೆ ಜಾಗಕ್ಕೆ ಎಲ್ಲಿಂದ ಬರುತ್ತೆ ಕಳೆ? ಕಳೆ ತೆಗೆದೆ, ಕಳೆ ಬಂತು. ಎಷ್ಟು ಲಕ್ಷಣವಾಗಿದೆ ನೋಡು.”

“ಅಯ್ಯೋ, ನಾನು ಹೇಳಿದ್ದು ಆ ಕಳೆ ಅಲ್ಲ, ಈ ಕಳೆ! ಅದೇ ನನ್ನ ಪರೀಕ್ಷೆ!”

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಕೂಡಲೇ ಆ ನಗು ಇಳಿದುಹೋಯಿತು. ಮಣ್ಣು ಮೆತ್ತಿದ ಕೈಗಳನ್ನು ನೋಡಿಕೊಂಡರು. “ನೀನು ಪಾಸಾಗ್ಲಿ ಅಂತ ಕಣೇ” ಎಂದು ಸಣ್ಣ ದನಿಯಲ್ಲಿ ಹೇಳಿದರು. ಯಾರ ಮೇಲೆ ಸಿಟ್ಟು ಮಾಡಲಿ, ಕನ್ನಡದ ಮೇಲೆಯೇ?

ಹೆಂಡತಿ ಅಳಲಿಲ್ಲ. ಗೋಡೆಯ ನೆರಳಿನತ್ತ ನೋಡುತ್ತಾ ನಿಂತಳು. ಅಲ್ಲಿ ಕಿತ್ತ ಗಿಡಗಳಿದ್ದವು. ಲಾಂಡ್ರಿಯ ಕೈ ಸುಮ್ಮನಿರುತ್ತದೆಯೇ? ಅಮ್ಮ ಅವನ್ನೂ ವಿಂಗಡಿಸಿದ್ದರು. ನೇರಳೆ ಹೂವಿನವು ಒಂದು ಕಟ್ಟು, ಮುಳ್ಳಿನವು ಒಂದು ಕಟ್ಟು, ಹುಲ್ಲಿನ ಜಾತಿ ಒಂದು ಕಟ್ಟು, ನನ್ನ ಅಂಗಡಿಯ ಚಿಂದಿಯಿಂದ ಬಿಗಿದು, ಮೇಲೆ ಒದ್ದೆ ಗೋಣಿ ಹೊದಿಸಿ. ಬೇರುಗಳಿಗೆ ಇನ್ನೂ ಮಣ್ಣು ಅಂಟಿಕೊಂಡಿತ್ತು.

ಅವಳು ತಲೆಯೆತ್ತಿ ನಾಲ್ಕೂ ಅಂತಸ್ತಿನ ಕಿಟಕಿಗಳನ್ನು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ನಾನು ಅವಳ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ಆ ಒಂದು ಕೂಗು ಅವಳಿಗೆ ಬೀರುವಿಗಿಂತ ಭಾರ ಎಂದು ನನಗೆ ಗೊತ್ತು. ಅವಳ ಪರವಾಗಿ ನಾನೇ ಕೂಗಬೇಕೆಂದುಕೊಂಡೆ. ಅಷ್ಟರಲ್ಲಿ ಅವಳೇ ಕೂಗಿದಳು:

“ಯಾರಾದ್ರೂ ಬರ್ತೀರಾ? ನನ್ನೊಬ್ಬಳ ಕೈಲಿ ಆಗಲ್ಲ!”

ಮೊದಲು ಬಂದದ್ದು ಕೆಳಗಿನ ಮನೆಯ ಅಡುಗೆ ಭಟ್ಟರು, ಕೈಯಲ್ಲಿ ಸೌಟು ಹಾಗೇ ಇತ್ತು. ಆಮೇಲೆ ಎದುರು ಮನೆಯ ನರ್ಸಮ್ಮ, ರಾತ್ರಿ ಪಾಳಿ ಮುಗಿಸಿ ಆಗತಾನೇ ಬಂದವರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಅವಳು ಮೊದಲ ಸಲ ಬಾಯಿಬಿಟ್ಟು ವಿವರಿಸಿದಳು. ಯಾವ ಗಿಡ ಯಾಕೆ, ಯಾವ ಬೇರು ನೀರನ್ನು ಎಲ್ಲಿಗೆ ಒಯ್ಯುತ್ತದೆ, ಸೊಳ್ಳೆ ಯಾಕೆ ಕಡಿಮೆಯಾಯಿತು.

“ಅದಕ್ಕೇನಾ ಈ ಸಲ ಸೊಳ್ಳೆ ಇಲ್ದಿದ್ದಿದ್ದು? ಮೊದಲೇ ಹೇಳ್ಬಾರ್ದಾ ತಾಯಿ?” ಎಂದರು ರೈಟ್‌ರೈಟ್. “ನಾನು ಔಷಧಿ ಹೊಡೆಸಿದ್ದಕ್ಕೇ ಅಂತ ಎಲ್ರ ಮುಂದೆ ಕೊಚ್ಕೊಂಡಿದ್ದೀನಿ.”

ಪ್ಯಾಂಟು ಮಡಚಿ ಕಾಲುವೆಗಿಳಿದರು. “ಮುಂದೆ ಹೋಗಿ, ಮುಂದೆ ಹೋಗಿ! ಹಿಂದೆ ಜಾಗ ಇದೆ! ಮುಳ್ಳಿನೋರು ಎಡಕ್ಕೆ!” ಎಂದು ಗಿಡಗಳಿಗೂ ಜನರಿಗೂ ಒಟ್ಟಿಗೇ ಆಜ್ಞೆ ಮಾಡತೊಡಗಿದರು. ಅಮ್ಮ ಕಟ್ಟು ಬಿಚ್ಚಿ ಜಾತಿವಾರು ಗಿಡ ಎತ್ತಿಕೊಟ್ಟರು. ನಾನು ಕಡ್ಡಿಯಿಂದ ಗುಳಿ ತೋಡಿದೆ. ನನ್ನ ಸಾಲು ನೋಡಿ ಹೆಂಡತಿ “ರೀ, ನೇರ ಬೇಡ!” ಎಂದು ಗದರಿದಳು. ಕಳೆ ಕೀಳುವವರನ್ನು ಲೋಕ ಕಂಡಿದೆ. ಕಳೆ ನಾಟಿ ಮಾಡಿ ನೀರು ಹಾಕಿದವರು ನಾವೇ ಇರಬೇಕು. ಎಲ್ಲರಿಗೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಇನ್ನೊಂದು ಮೂಲೆ ಉಳಿದಿರುವಾಗಲೇ ಪರೀಕ್ಷಕರು ಬಂದುಬಿಟ್ಟರು. ಮುಂದೆ ಅದೇ ದಪ್ಪ ಕನ್ನಡಕದ ಪ್ರೊಫೆಸರಮ್ಮ. ಗಿಡಗಳೆಲ್ಲ ಜೋಲುಮುಖ ಹಾಕಿಕೊಂಡು ನಿಂತಿದ್ದವು. ಜೇನು ಒಂದೂ ಇರಲಿಲ್ಲ. ಹೆಂಡತಿ ಮುಚ್ಚುಮರೆ ಮಾಡಲಿಲ್ಲ. ಒಂದು ವರ್ಷದ ಗಿಡ ಇವತ್ತು ಬೆಳಗ್ಗೆ ಹೋಯಿತು, ಈಗ ತಿರುಗಿ ನೆಡುತ್ತಿದ್ದೇವೆ ಎಂದಳು.

“ಕಿತ್ತಿದ್ದು ಯಾರು?”

“ನಾನೇ” ಎಂದು ಅಮ್ಮ ಮುಂದೆ ಬಂದರು. “ಅವಳದ್ದೇನೂ ತಪ್ಪಿಲ್ಲ. ಫೇಲು ಮಾಡೋದಾದ್ರೆ ನನ್ನ ಮಾಡಿ.”

ಹೆಂಡತಿ ತಾನು ಮೆಟ್ಟಿಲಿಂದ ಕೂಗಿದ ಮಾತನ್ನು ಅಕ್ಷರಶಃ ಹೇಳಿದಳು. ಪ್ರೊಫೆಸರಮ್ಮ ಕೇಳಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಭುಜ ಅಲುಗುವುದು ನೋಡಿ ನನಗೆ ಮೊದಲು ಗಾಬರಿಯಾಯಿತು, ಆಮೇಲೆ ಅವರು ನಗುತ್ತಿದ್ದಾರೆಂದು ತಿಳಿಯಿತು. ನಗು ಮುಗಿದ ಮೇಲೆ ಗಂಭೀರರಾಗಿ ಕಾಲುವೆಗೆ ಒಂದು ಬಕೆಟ್ ನೀರು ಸುರಿಸಿದರು. ನೀರು ಕವಲೊಡೆದು ಹರಿದು ಇಂಗಿತು. ಬಗ್ಗಿ ಮಣ್ಣು ಮುಟ್ಟಿ ನೋಡಿದರು. ಹಳೆಯ ಪ್ರಶ್ನೆಯನ್ನೇ ಮತ್ತೆ ತೆಗೆದರು.

“ನೀವು ಪದವಿ ತಗೊಂಡು ಹೋದ ಮೇಲೆ ಇದನ್ನ ನೋಡ್ಕೊಳ್ಳೋರು ಯಾರು?”

ಹೆಂಡತಿ ಉತ್ತರಿಸುವ ಮುಂಚೆಯೇ ರೈಟ್‌ರೈಟ್ ಬಾಯಿ ಹಾಕಿದರು: “ಒಂದ್ನಿಮಿಷ ಮೇಡಂ, ಅಲ್ಲಿ ನಿಲ್ಬೇಡಿ. ನಿಮ್ಮ ಕಾಲು ಗಿಡದ ಮೇಲಿದೆ.”

ಪ್ರೊಫೆಸರಮ್ಮ ಥಟ್ಟನೆ ಹಿಂದೆ ಸರಿದರು. ಹಿತ್ತಲನ್ನು ಬಿಟ್ಟು ಸುತ್ತ ನಿಂತವರನ್ನು ನೋಡಿದರು. ಮೊಣಕೈವರೆಗೆ ಮಣ್ಣಾದ ಭಟ್ಟರು, ನಿದ್ದೆಗಣ್ಣಿನ ನರ್ಸಮ್ಮ, ಗೋಣಿ ಹಿಡಿದ ಅಮ್ಮ, ಕಡ್ಡಿ ಹಿಡಿದ ನಾನು. “ಇದಕ್ಕಿಂತ ಬೇರೆ ಉತ್ತರ ಬೇಡ” ಎಂದರು.

ಪಾಸಾದಳೆಂಬ ಸುದ್ದಿ ಸಂಜೆ ಫೋನಿನಲ್ಲಿ ಬಂತು. ಆಗ ಅವಳು ಉಳಿದ ಮೂಲೆಗೆ ಗಿಡ ನೆಡುತ್ತಿದ್ದಳು, ಅಮ್ಮ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತಿದ್ದರು. ಫೋನು ಇಟ್ಟು ಅವಳು ಅಮ್ಮನತ್ತ ತಿರುಗಿದಳು. ಅಮ್ಮ ಅವಳ ಗಲ್ಲ ಹಿಡಿದು ಬೆಳಕಿನತ್ತ ತಿರುಗಿಸಿದರು.

“ಈಗ ಬಂತು ನೋಡು, ಕಳೆ.”

“ಹೌದು ಅತ್ತೆ” ಎಂದಳು ನನ್ನ ಹೆಂಡತಿ, ಕಣ್ಣೊರೆಸಿಕೊಳ್ಳುತ್ತಾ. “ಇದನ್ನಾದ್ರೂ ಕೀಳಬೇಡಿ.”