ಬಾವಿ ಹಗ್ಗಕ್ಕೆ ಹರಕೆಯ ಗಂಟು

ಭೀಮನಬೀಡಿನ ಮಾದಮ್ಮ ಹಾವು ಕಂಡರೆ ದೊಣ್ಣೆ ಹಿಡಿಯುವಳು, ಪಟೇಲರೆದುರೂ ಬಾಯಿ ಮಾಡುವಳು. ಆದರೆ ಗಂಡ ಚಿಕ್ಕಯ್ಯ ಹಗ್ಗ ಹೆಗಲಿಗೇರಿಸಿದನೆಂದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಪಾಪ, ಏನು ಮಾಡಿಯಾಳು? ಬಾವಿಗಿಳಿದು ಹೂಳೆತ್ತುವುದೇ ಅವನ ಕಸುಬು.

ಕನ್ನಡದ ಸೀಮೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾದ ಮರುವರ್ಷದ ಬೇಸಿಗೆ. ಚಿಕ್ಕಯ್ಯ ಊರ ಬಾವಿಗಿಳಿಯಬೇಕಾದ ಬೆಳಿಗ್ಗೆ ಮಾದಮ್ಮ ಹೊಸ ಹಗ್ಗದಲ್ಲಿ, ಅವನು ಸೊಂಟಕ್ಕೆ ಸುತ್ತಿಕೊಳ್ಳುವ ತುದಿಯ ಹತ್ತಿರ, ಅರಿಸಿನದ ಕೊಂಬಿಟ್ಟು ಬಿಗಿಯಾಗಿ ಗಂಟು ಹಾಕಿದಳು. “ಮಾದಪ್ಪಾ, ನನ್ ಗಂಡುನ್ನ ಮ್ಯಾಲಕ್ ತಂದ್ಕೊಡಪ್ಪ” ಎಂದು ಬೆಟ್ಟದ ದೇವರನ್ನು ಬೇಡಿಕೊಂಡಳು. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲವಿಲ್ಲವೆಂದು ಗಂಡನಿಗೆ ಹೇಳಲಿಲ್ಲ.

ಅವನು ಹೋದಮೇಲೆ ಆ ಹಗ್ಗ ಹೊಸೆದ ನಿಂಗಯ್ಯ ನೀರು ಕೇಳಿಕೊಂಡು ಬಂದ. ಅವನ ಮುಂದೆ ಮಾದಮ್ಮನ ಬಾಯಿ ನಿಲ್ಲಲಿಲ್ಲ, ಗಂಟು ಹಾಕಿದ್ದನ್ನು ಹೇಳಿಯೇಬಿಟ್ಟಳು. ನಿಂಗಯ್ಯ ಚೊಂಬು ಕೆಳಗಿಟ್ಟ.

“ಅಯ್ಯೋ ತಾಯಿ, ಎಂತಾ ಕೆಲ್ಸ ಮಾಡ್ಬುಟ್ಟೆ! ಹಗ್ಗ ಕಿತ್ಕಳದೇ ಗಂಟಿನ್ ತಾವ. ಅಲ್ಲಿ ನಾರು ಮುರ್ಕಂಡು ಒಂದುನ್ನೊಂದು ಕಡಿತವೆ. ಗಂಟಾಕುದ್ರೆ ಅರ್ಧ ಬಲ ಓಯ್ತು ಅನ್ಕೊ!”

ಮಾದಮ್ಮ ಬಿದ್ದಂಬೀಳ ಓಡಿದಳು. ಚಿಕ್ಕಯ್ಯ ಆಗಲೇ ಬಾವಿಯೊಳಗಿದ್ದ. “ಎಳೀರಪ್ಪೋ, ನಿಮ್ ದಮ್ಮಯ್ಯ, ಮೆಲ್ಲುಕ್ ಎಳೀರಿ!” ಎಂದು ಅರಚಿದಳು. ಮೇಲೆ ಹಗ್ಗ ಹಿಡಿದಿದ್ದ ಆಳುಗಳು ಗಾಬರಿಯಾಗಿ ಎಳೆದರು. ಹಗ್ಗ ಮೊಳಮೊಳವೇ ಮೇಲೆ ಬಂತು, ಕೊನೆಗೆ ಕೆಸರು ಮೆತ್ತಿದ ಚಿಕ್ಕಯ್ಯನೂ ಬಂದ. ಅವನ ಸೊಂಟದ ಬಳಿ ಅರಿಸಿನದ ಗಂಟೇ ಇರಲಿಲ್ಲ.

“ಬಿಚ್ಬುಟ್ರಾ?” ಎಂದಳು.

ಚಿಕ್ಕಯ್ಯ ಹುಣಸೆಮರದ ಕಡೆ ಕೈ ತೋರಿದ. ಹಗ್ಗದ ಇನ್ನೊಂದು ತುದಿಯನ್ನು ಮರಕ್ಕೆ ಬಿಗಿದಿದ್ದ. ಬಿಗಿದು ಮಿಕ್ಕ ಬಾಲ ನೆಲದಲ್ಲಿತ್ತು. ಗಂಟು ಅದರಲ್ಲಿತ್ತು.

“ಆಗ್ಲೇ ಕಂಡೆ ಕಣಮ್ಮಿ. ಹಗ್ಗ ತಿರುಗಾಮುರುಗಾ ಮಾಡ್ಕಂಡೆ. ಅಲ್ಲಿದ್ರೆ ಅದ್ರ ಮ್ಯಾಲೆ ಭಾರ ಬೀಳಕಿಲ್ಲ. ನೀ ಕಟ್ಟಿದ್ನ ಬಿಚ್ಚಾಕೆ ಮನ್ಸಾಗ್ನಿಲ್ಲ.”

ಮಾದಪ್ಪಾ, ಇಂಥವನನ್ನು ಕೊಟ್ಟಿದ್ದೀಯಲ್ಲಪ್ಪ, ಇನ್ನೇನು ಕೇಳಲಿ ಎಂದು ಮಾದಮ್ಮ ಊರವರೆದುರೇ ಅತ್ತಳು. ಸೆರಗಿನಿಂದ ಗಂಡನ ಮುಖ ಒರೆಸಿದಳು. ಆಳುಗಳು ನಕ್ಕರೆ ನಗಲಿ ಎಂದುಕೊಂಡಳು.

ಅಂದಿನಿಂದ ಚಿಕ್ಕಯ್ಯ ಹಗ್ಗ ಕೊಳ್ಳುವಾಗಲೆಲ್ಲ ಬೇಕಾದ್ದಕ್ಕಿಂತ ಒಂದು ಮೊಳ ಹೆಚ್ಚು ಕೇಳುತ್ತಿದ್ದ. ಯಾತಕ್ಕಲಾ ಎಂದು ನಿಂಗಯ್ಯ ರೇಗಿಸಿದರೆ ಅವನದು ಒಂದೇ ಉತ್ತರ:

“ಅದು ನಮ್ಮನೆಯವಳ ಪಾಲು ಕಣಣ್ಣೋ.”