ಐಸ್‌ಕ್ರೀಮ್ ಡಬ್ಬಿಯ ಹೆಪ್ಪು

ನಾನು ನಿಂತಿದ್ದದ್ದು ಕ್ರೈಸ್ಟ್‌ಚರ್ಚ್ ಊರಿನ ಹಾರ್ನ್‌ಬಿಯಲ್ಲಿ, ಟೈರ್ ಅಂಗಡಿಯೊಂದರ ಹಿಂದಿನ ಬಾಡಿಗೆ ಅಡುಗೆಮನೆಯಲ್ಲಿ, ಎರಡು ಗುಂಡಿಯ ಸ್ಟೀಲ್ ಸಿಂಕಿನ ಎಡಗಡೆಯ ಗುಂಡಿಗೆ ಎದುರಾಗಿ. ೨೦೧೩ನೇ ಇಸವಿಯ ಜುಲೈ ತಿಂಗಳು, ಮಂಗಳವಾರ, ಬೆಳಿಗ್ಗೆ ಹತ್ತೂಕಾಲು. ಗಡಿಯಾರ ಎದುರಿನ ಗೋಡೆಯಲ್ಲೇ ಇತ್ತು, ಆದ್ದರಿಂದ ಸಮಯದ ಬಗ್ಗೆ ನನಗೆ ಅನುಮಾನವಿಲ್ಲ. ಬಲಗೈಯಲ್ಲಿ ಎರಡು ಲೀಟರಿನ ಐಸ್‌ಕ್ರೀಮ್ ಡಬ್ಬಿ, ಎಡಗೈ ನಲ್ಲಿಯ ಮೇಲೆ. ಇಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಇದರ ಮುಂದಿನ ಒಂದು ಕ್ಷಣವನ್ನು ಮಾತ್ರ ಆರು ವರ್ಷಗಳಿಂದ ಎಲ್ಲರಿಗೂ ಸ್ವಲ್ಪ ಬದಲಾಯಿಸಿ ಹೇಳುತ್ತಾ ಬಂದಿದ್ದೇನೆ.

ಇವತ್ತು ಬೆಳಿಗ್ಗೆ ನಮ್ಮ ಫ್ರಿಜ್ಜಿನ ಹಿಂಬದಿಯಲ್ಲಿ ಅಂಥದೇ ಒಂದು ಡಬ್ಬಿ ಸಿಕ್ಕಿತು. ಈ ದೇಶದಲ್ಲಿ ಐಸ್‌ಕ್ರೀಮ್ ಡಬ್ಬಿಯೊಳಗೆ ಐಸ್‌ಕ್ರೀಮ್ ಇರುವುದು ಅದರ ಬಾಳಿನ ಮೊದಲ ವಾರ ಮಾತ್ರ. ಆಮೇಲೆ ಅದು ಮಿಕ್ಕ ಸಾರಿಗೆ, ಮೊಳೆಗಳಿಗೆ, ಮಕ್ಕಳ ಬಣ್ಣದ ಪೆನ್ಸಿಲ್ಲುಗಳಿಗೆ. ಮುಚ್ಚಳ ತೆಗೆದೆ. ಹುಳಿ ವಾಸನೆ ಬಂತು. ಹದಿನಾರು ವರ್ಷದ ಮಗಳು ಅನಘಾ ಹಿಂದಿನಿಂದ ಇಣುಕಿ, "ಅಪ್ಪಾ, ನೋ ಡೇಟ್ ಆನ್ ಇಟ್. ಜಸ್ಟ್ ಚಕ್ ಇಟ್," ಎಂದಳು. ಸಿಂಕಿನ ತನಕ ಹೋದೆ. ಕೈ ಬಗ್ಗಲಿಲ್ಲ.

ತಾರೀಖಿಲ್ಲದ್ದನ್ನು ಎಸೆದುಬಿಡಬೇಕೆಂಬ ಆ ಮಾತು ಅವಳಿಗೆ ಕಲಿಸಿದವನು ನಾನೇ. ೨೦೧೩ರ ಆ ದಿನಗಳಲ್ಲಿ ನಾನು ಹಾರ್ನ್‌ಬಿಯ ಒಂದು ಆಹಾರ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಇಲ್ಲಿಗೆ ಬಂದು, ಬಟಾಣಿ ಪೊಟ್ಟಣದ ಮೇಲೆ ತಾರೀಖು ನೆಟ್ಟಗೆ ಬಿದ್ದಿದೆಯೇ ಎಂದು ನೋಡುತ್ತಾ ನಿಲ್ಲುವ ಕೆಲಸ. ವರ್ಷಗಟ್ಟಲೆ ತಾರೀಖು ನೋಡಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಮನೆಯ ಉಪ್ಪಿನಕಾಯಿ ಜಾಡಿಗೂ ಚೀಟಿ ಅಂಟಿಸಿದ್ದೆ. "ನನಗೂ ಒಂದು ಅಂಟಿಸಿಬಿಡ್ರಿ, ಯಾವತ್ತು ಎಸೀಬೇಕು ಅಂತ," ಎಂದಿದ್ದಳು ನನ್ನ ಹೆಂಡತಿ ಶೈಲಾ.

ಅಲ್ಮಾಜ್ ಅದೇ ಕಾರ್ಖಾನೆಯಲ್ಲಿ ಪೊಟ್ಟಣ ತುಂಬುವ ಸಾಲಿನಲ್ಲಿದ್ದರು. ಇಥಿಯೋಪಿಯಾದವರು, ನಲವತ್ತರ ಆಸುಪಾಸು. ದಿನವಿಡೀ ನಿಂತು ನಿಂತು ಊದಿದ ಪಾದಗಳನ್ನು ಊಟದ ಹೊತ್ತಿನಲ್ಲಿ ಬೂಟಿನಿಂದ ತೆಗೆದು ಎದುರಿನ ಕುರ್ಚಿಯ ಮೇಲೆ ಚಾಚಿ ಕೂರುತ್ತಿದ್ದರು. ಒಂದು ದಿನ ತಮ್ಮ ಬುತ್ತಿಯಿಂದ ಬೂದು ಬಣ್ಣದ, ಮೆತ್ತನೆಯ, ಮೈತುಂಬ ತೂತುಗಳಿದ್ದ ಒಂದು ತುಂಡನ್ನು ಹರಿದು ಕೊಟ್ಟರು. ಬಾಯಿಗಿಟ್ಟೆ. ಎರಡು ದಿನದ ಹಿಟ್ಟಿನಿಂದ ಹುಯ್ದ ದೋಸೆಯ ಹುಳಿ! ಅದರ ಹೆಸರು ಇಂಜೆರಾ. ಸಾಸಿವೆಗಿಂತ ಸಣ್ಣದಾದ ಟೆಫ್ ಎಂಬ ಧಾನ್ಯದ ಹಿಟ್ಟನ್ನು ಮೂರು ದಿನ ಹುಳಿ ಬರಿಸಿ ಮಾಡುತ್ತಾರೆ. ನಾವು ದೋಸೆಯನ್ನು ನಡುವಿನಿಂದ ಹೊರಗೆ ತಿರುಗಿಸುತ್ತಾ ಹೋಗುತ್ತೇವಲ್ಲ, ಅವರು ಹೊರಗಿನಿಂದ ನಡುವಿಗೆ ಬರುತ್ತಾರೆ. ಮಗುಚಿ ಹಾಕುವುದಿಲ್ಲ. ಮೇಲೆ ಏಳುವ ತೂತುಗಳಿಗೆ ಕಣ್ಣು ಎನ್ನುತ್ತಾರೆ. ಕಣ್ಣು ಬಿಡದ ಇಂಜೆರಾವನ್ನು ಅತಿಥಿಗೆ ಬಡಿಸುವಂತಿಲ್ಲ.

ಮನೆಯಲ್ಲಿ ತಮ್ಮವರಿಗಷ್ಟೇ ಮಾಡಿಕೊಡುತ್ತಿದ್ದ ಅಲ್ಮಾಜ್ ಅದನ್ನೇ ವ್ಯಾಪಾರ ಮಾಡುವ ಯೋಚನೆಯಲ್ಲಿದ್ದರು. ನಗರ ಕೌನ್ಸಿಲ್ಲಿನ ಪರವಾನಗಿಯ ಕಾಗದಪತ್ರ ತುಂಬಲು ಸಹಾಯ ಕೇಳಿದರು. ನಾನು ಕಾಗದ ತುಂಬಿ ಸುಮ್ಮನಿರಬಹುದಿತ್ತು. ಗುರುವಾದೆ. ಭಾನುವಾರ ಅವರ ಮನೆಗೆ ಹೋಗಿ, ಗೋಡೆಗೊಂದು ಬಿಳಿ ಹಾಳೆ ಅಂಟಿಸಿ, ವ್ಯಾಪಾರ ಕಟ್ಟುವುದು ಹೇಗೆಂದು ಬರೆದು ತೋರಿಸಿದೆ. ನಾನು ಜನ್ಮದಲ್ಲಿ ಒಂದು ಬೀಡಾ ಅಂಗಡಿಯನ್ನೂ ನಡೆಸಿದವನಲ್ಲ ಎಂಬುದು ಆ ಹೊತ್ತಿನಲ್ಲಿ ನನಗೆ ನೆನಪಾಗಲಿಲ್ಲ.

ನನ್ನ ಮೊದಲ ಪಾಠ, ಕಸುಬಿನ ಗುಟ್ಟನ್ನು ಯಾರಿಗೂ ಕೊಡಬಾರದು ಎಂಬುದು. ಅಲ್ಮಾಜ್ ನಕ್ಕರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ಇಲ್ಲಿನ ಕನ್ನಡ ನನ್ನದು. "ಬ್ರದರ್, ಗುಟ್ಟು ಅಂದ್ರೆ ಆ ಡಬ್ಬಿಯೊಳಗಿರೋದು. ಅದನ್ನ ಆಗ್ಲೇ ಮೂರು ಜನಕ್ಕೆ ಕೊಟ್ಟಿದ್ದೀನಲ್ಲ!"

ಡಬ್ಬಿಯಲ್ಲಿದ್ದದ್ದು ಹುಳಿ ಬಂದ ಹಿಟ್ಟಿನ ಮೇಲೆ ನಿಲ್ಲುವ ಹಳದಿ ನೀರು. ಪ್ರತಿ ಸಲ ಒಂದಷ್ಟು ತೆಗೆದಿಟ್ಟು ಮುಂದಿನ ಹಿಟ್ಟಿಗೆ ಹಾಕುತ್ತಾರೆ, ನಮ್ಮ ಹೆಪ್ಪಿನ ಹಾಗೆ. ಅದನ್ನು ಮೊದಲು ಎಬ್ಬಿಸಿದವರು ಅಲ್ಮಾಜರ ಚಿಕ್ಕಮ್ಮ ತ್ಸೆಹಾಯ್. ನಾನು ಕಾಣುವ ಹೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು. ಇಂಗ್ಲಿಷ್ ಬಾರದು, ಮಂಡಿ ನೋವು. ಎಲ್ಲರಿಗೂ ತ್ಸೆಹಾಯ್ ಆಂಟಿ. ಈ ಊರಿಗೆ ಬಂದ ಹೊಸತರಲ್ಲಿ ಬಾಡಿಗೆ ಮನೆಯ ಕಿಟಕಿಯ ಬಳಿ ಹಿಟ್ಟು ನೀರು ಕಲಸಿಟ್ಟು, ಇಲ್ಲಿನ ಚಳಿಯಲ್ಲಿ ಎರಡು ಸಲ ಕೆಟ್ಟು, ಮೂರನೆಯ ಸಲ ಹನ್ನೆರಡು ದಿನ ಕಾದು ಎಬ್ಬಿಸಿದ್ದರಂತೆ. ೨೦೧೧ರ ಫೆಬ್ರವರಿಯ ದೊಡ್ಡ ಭೂಕಂಪದಲ್ಲಿ ಮನೆಯ ಚಿಮಣಿ ಉರುಳಿತು, ಗೋಡೆ ಬಿರಿಯಿತು. ಆಂಟಿ ಪಾಸ್‌ಪೋರ್ಟು ಬಿಟ್ಟು ಆ ಡಬ್ಬಿಯನ್ನು ಎದೆಗವುಚಿಕೊಂಡು ಬೀದಿಗೆ ಬಂದಿದ್ದರು.

ಅಲ್ಮಾಜರಿಂದ ಹೆಪ್ಪು ಪಡೆದ ಮೂವರಲ್ಲಿ ಒಬ್ಬಳು ಹಿರುತ್. ಎರಡು ವರ್ಷ ಅಲ್ಮಾಜರ ಮನೆಯ ಅಡುಗೆಮನೆಯಲ್ಲೇ ಕೆಲಸ ಕಲಿತು, ವೆಲಿಂಗ್ಟನ್ನಿನ ಜಾನ್ಸನ್‌ವಿಲ್‌ಗೆ ಹೋಗಿ, ಅಲ್ಲಿ ಶನಿವಾರದ ಸಂತೆಯಲ್ಲಿ ತನ್ನದೇ ಅಂಗಡಿ ಹಾಕಿದಳು. ನನಗೆ ಸಿಟ್ಟು ಬಂತು. ಅಲ್ಮಾಜರ ಪರವಾಗಿ ಒಂದು ಕಾಗದ ಬರೆದೆ. ನಮ್ಮ ವಿಧಾನ ಬಳಸಕೂಡದು, ನಮ್ಮ ಹೆಪ್ಪು ಬಳಸಕೂಡದು ಎಂದು ಇಂಗ್ಲಿಷಿನಲ್ಲಿ ಬಹಳ ಗಡುಸಾದ ಎರಡು ಪುಟ. ಸಹಿ ಹಾಕಿ ಕಳಿಸಿ ಎಂದು ಅಲ್ಮಾಜರ ಕೈಗೆ ಕೊಟ್ಟೆ, ಕಳಿಸಿದರೆಂದೇ ತಿಳಿದಿದ್ದೆ.

ಆ ಜುಲೈನ ಸಂಗತಿಗೆ ಬರುತ್ತೇನೆ. ಹಿಂದಿನ ಶುಕ್ರವಾರ ಅಲ್ಮಾಜ್ ಕಾರ್ಖಾನೆಯ ಕೆಲಸ ಬಿಟ್ಟಿದ್ದರು. ಗುರುವಾರ ಕೌನ್ಸಿಲ್ಲಿನ ತಪಾಸಣೆ. ಶನಿವಾರ ಅವರ ಸಮುದಾಯದ ಒಂದು ಮದುವೆಗೆ ಮುನ್ನೂರು ಇಂಜೆರಾ, ಮೊದಲ ದೊಡ್ಡ ಕೆಲಸ. ಊರಿನ ಅವರ ಜನರೆಲ್ಲ ಅಂದು ಒಂದೇ ಪಂಕ್ತಿಯಲ್ಲಿ ಕೂತು ತಿನ್ನುವವರು. ಅದು ಕೆಟ್ಟರೆ ಮತ್ತೆ ಯಾರೂ ಕೇಳುವುದಿಲ್ಲ, ಹಿಂದಿರುಗಲು ಕೆಲಸವೂ ಇಲ್ಲ.

ತಪಾಸಣೆಗೆಂದು ಅಲ್ಮಾಜರ ಬಾಡಿಗೆ ಅಡುಗೆಮನೆಯನ್ನು ಸಜ್ಜು ಮಾಡಲು ಮಂಗಳವಾರ ನಾನು ರಜೆ ಹಾಕಿ ಹೋಗಿದ್ದೆ. ಗೋಡೆಯ ಮೇಲೆ ನನ್ನದೇ ಕೈಬರಹದ ನಿಯಮಗಳ ಪಟ್ಟಿ. ನಾಲ್ಕನೆಯದು: ಹೆಸರು, ತಾರೀಖು ಇಲ್ಲದ್ದನ್ನು ಎಸೆಯತಕ್ಕದ್ದು. ಅಲ್ಮಾಜ್ ಹೊರಗೆ ಗಾಡಿಯಿಂದ ಹಿಟ್ಟಿನ ಚೀಲ ಇಳಿಸುತ್ತಿದ್ದರು. ಆಂಟಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಜರಡಿ ಹಿಡಿಯುತ್ತಿದ್ದರು. ಬಿಸಿನೀರಿನ ಸಿಲಿಂಡರಿನ ಪಕ್ಕ ನೆಲದ ಮೇಲೆ ಒಂದು ಐಸ್‌ಕ್ರೀಮ್ ಡಬ್ಬಿ ಇತ್ತು, ಹೆಸರಿಲ್ಲದೆ, ತಾರೀಖಿಲ್ಲದೆ. ಎತ್ತಿದೆ, ಮುಚ್ಚಳ ತೆಗೆದೆ, ಸಿಂಕಿಗೆ ಸುರಿದೆ, ನಲ್ಲಿ ತಿರುಗಿಸಿದೆ.

ಆಂಟಿ ಏನೋ ಕೂಗಿ ಎದ್ದರು. ಅವರ ಮಂಡಿಗಳು ಅವರನ್ನು ಬೇಗ ಏಳಗೊಡುವುದಿಲ್ಲ. ಬಂದು ನನ್ನ ತೋಳಿನ ಕೆಳಗಿನಿಂದ ಕೈ ತೂರಿಸಿ ಸಿಂಕಿನ ಕಂಡಿಗೆ ಅಂಗೈ ಅಡ್ಡ ಹಿಡಿದರು. ಬೆರಳ ಸಂದಿಯಿಂದ ನಲ್ಲಿಯ ನೀರಷ್ಟೇ ಇಳಿಯುತ್ತಿತ್ತು. ಅಲ್ಮಾಜ್ ಹೆಗಲ ಮೇಲೆ ಚೀಲ ಹೊತ್ತು ಒಳಗೆ ಬಂದವರು ಮೊದಲು ಆಂಟಿಯ ಕೈಯನ್ನೂ ಆಮೇಲೆ ನನ್ನ ಕೈಯ ಡಬ್ಬಿಯನ್ನೂ ನೋಡಿದರು. ಚೀಲವನ್ನು ಮೆಲ್ಲಗೆ ಇಳಿಸಿ ನಲ್ಲಿ ನಿಲ್ಲಿಸಿದರು. ಆಂಟಿ ಅವರ ಭಾಷೆಯಲ್ಲಿ ಎರಡು ಮಾತು ಹೇಳಿದರು. "ಏನಂದ್ರು?" ಎಂದು ಕೇಳಿದೆ. "ಸುಸ್ತಾಗಿದೆ ಅಂದ್ರು," ಎಂದರು ಅಲ್ಮಾಜ್.

"ನನಗೆ ಗೊತ್ತಾಗ್ಲಿಲ್ಲ. ಪಾತ್ರೆ ತೊಳೆದ ನೀರು ಅಂದ್ಕೊಂಡೆ," ಎಂದೆ ನಾನು.

ಮನೆಗೆ ಬಂದು ಹೇಳಿದಾಗ ಶೈಲಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ಹೆಪ್ಪನ್ನ ಚೆಲ್ಲಿ ಬಂದ್ರಾ? ನಿಮ್ಮಮ್ಮ ಇದ್ದಿದ್ರೆ ಏನಂತಿದ್ರು?" ಅಮ್ಮ ಏನೂ ಅನ್ನುತ್ತಿರಲಿಲ್ಲ, ಅದೇ ಕಷ್ಟ. ಮೈಸೂರಿನ ನಮ್ಮ ವಠಾರದಲ್ಲಿ ಹೆಪ್ಪಿಗೆ ಬಂದವರನ್ನು ಯಾರೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಮೊಸರು ಕೊಡಬಾರದೆಂಬ ಶಾಸ್ತ್ರವೊಂದಿತ್ತು. ಅದಕ್ಕೇ ನಾನು ಶಾಲೆಯಿಂದ ಬಂದೊಡನೆ, ಬೆಳಕಿರುವಾಗಲೇ, ಬಟ್ಟಲು ಹಿಡಿದು ಓಡಬೇಕಿತ್ತು. ಎದುರುಮನೆಯವರಿಗೂ ನಮಗೂ ನಲ್ಲಿಯ ಸರದಿಯ ಜಗಳವಾಗಿ ಮಾತು ನಿಂತಿದ್ದ ದಿನಗಳಲ್ಲೂ ಬಟ್ಟಲು ಮಾತ್ರ ಹೋಗಿ ಬರುತ್ತಿತ್ತು. ಇದನ್ನೆಲ್ಲ ಕಂಡು ಬೆಳೆದವನು ನಾನು.

"ಹಸಿಮೆಣಸಿನಕಾಯಿ ತೊಟ್ಟು ಹಾಕಿದ್ರೆ ಹಾಲು ಹೆಪ್ಪಾಗತ್ತೆ, ಅವರಿಗೆ ಹೇಳಿ ನೋಡಿ," ಎಂದಳು ಶೈಲಾ, ಪಾಪ. ಬುಧವಾರ ಬೆಳಿಗ್ಗೆ ಹೋಗಿ ಹೇಳಿದೆ. ಅಲ್ಮಾಜ್ ಆಂಟಿಗೆ ತಿಳಿಸಿದರು. ಆಂಟಿ ನನ್ನನ್ನು ನೋಡಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

ಹೊಸದಾಗಿ ಎಬ್ಬಿಸಲು ಹನ್ನೆರಡು ದಿನವಿರಲಿಲ್ಲ. ಹೆಪ್ಪು ಪಡೆದ ಮೂವರಲ್ಲಿ ಒಬ್ಬಳು ಮೆಲ್ಬೋರ್ನಿಗೆ ಹೋಗಿದ್ದಳು. ಇನ್ನೊಬ್ಬಳು ಪಾಳಿ ಕೆಲಸಕ್ಕೆ ಸೇರಿ ಹೆಪ್ಪನ್ನು ನೋಡಿಕೊಳ್ಳಲಾಗದೆ ಬಿಟ್ಟಿದ್ದಳು. ಉಳಿದವಳು ಹಿರುತ್. ಅಲ್ಮಾಜ್ ಅವಳಿಗೆ ಮಂಗಳವಾರವೇ ಫೋನು ಮಾಡಿದ್ದರು. ನಾನು ನನ್ನ ಕಾಗದವನ್ನು ನೆನೆದು ಬೆವೆತೆ. "ಆ ಕಾಗದ..." ಎಂದೆ. ಅಲ್ಮಾಜ್ ಕಾಲಿನಿಂದ ತೋರಿಸಿದರು. ಇಂಜೆರಾ ಹುಯ್ಯುವ ಕರೆಂಟಿನ ಹಂಚುಗಳಿದ್ದ ಮೇಜಿನ ಒಂದು ಕಾಲಿನ ಕೆಳಗೆ, ಎಂಟಾಗಿ ಮಡಿಸಿ, ನನ್ನ ಎರಡು ಪುಟ. "ನೆಲ ಸಮ ಇಲ್ಲ ಬ್ರದರ್. ನಿಮ್ಮ ಪೇಪರು ಒಳ್ಳೆ ದಪ್ಪ ಇತ್ತು."

ಅಂದು ಮಧ್ಯಾಹ್ನ ಹಿರುತ್ ವಿಮಾನದಲ್ಲಿ ಬಂದಳು. ಮೂವತ್ತು ದಾಟದ, ಬಿರುಸು ಮಾತಿನ ಹೆಂಗಸು. ಟವಲು ಸುತ್ತಿದ ಜಾಮ್ ಬಾಟಲಿ ಮಗುವಿನಂತೆ ಮಡಿಲಲ್ಲಿತ್ತು. ಗಾಡಿಯಿಂದ ಇಳಿಯುವಾಗ ಹಿಡಿದುಕೊಳ್ಳಲೆಂದು ಕೈ ಚಾಚಿದೆ. "ನೀವೇ ಅಲ್ವಾ ಆ ಇಂಜಿನಿಯರು? ಬ್ಯಾಗ್ ತಗೊಳ್ಳಿ. ಇದು ನಿಮ್ಮ ಕೈಗಿಲ್ಲ."

ಬ್ಯಾಗು ಹೊತ್ತೆ.

ಬಾಟಲಿಯ ನೀರು ಅಂದೇ ಹಿಟ್ಟಿಗೆ ಸೇರಿತು. ಇಲ್ಲಿ ಜುಲೈ ಎಂದರೆ ನಡು ಚಳಿಗಾಲ, ಆ ಚಳಿಯಲ್ಲಿ ಹುಳಿ ಬರಬೇಕಲ್ಲ. ಮನೆಯಲ್ಲಿ ನಾವು ದೋಸೆ ಹಿಟ್ಟಿಗೆ ಸುತ್ತುತ್ತಿದ್ದ ಎಲೆಕ್ಟ್ರಿಕ್ ಕಂಬಳಿ ತಂದು ಪೀಪಾಯಿಗಳಿಗೆ ಸುತ್ತಿದೆ. ಆ ಇಡೀ ವ್ಯಾಪಾರಕ್ಕೆ ನನ್ನಿಂದಾದ ಉಪಕಾರ ಅದೊಂದೇ. ಗುರುವಾರ ತಪಾಸಣೆಗೆ ಮುನ್ನ ಹೊಸ ಡಬ್ಬಿಗೆ ಚೀಟಿ ಬರೆಯಲು ಕೂತು, ತಯಾರಿಸಿದ ದಿನ ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ಕೊನೆಗೆ 'ಜಾನ್ಸನ್‌ವಿಲ್‌ನಿಂದ ಬಂದದ್ದು, ಬುಧವಾರ' ಎಂದು ಬರೆದೆ. ತಪಾಸಣೆಗೆ ಬಂದಾಕೆ ಓದಿ, ತಲೆಯಾಡಿಸಿ, ಮುಂದೆ ಹೋದಳು.

ಶುಕ್ರವಾರ ಮಧ್ಯಾಹ್ನ ಹುಯ್ಯಲು ಕೂತರು. ಮೊದಲ ಹತ್ತು ಇಂಜೆರಾ ಕಣ್ಣು ಬಿಡಲಿಲ್ಲ, ಬೋಳಾಗಿ ಬಂದವು. ಆಂಟಿ ಹಿಟ್ಟಿಗೆ ಬೆರಳದ್ದಿ ನೆಕ್ಕಿ, ಹಂಚು ಆರಿಸಿ ಇನ್ನೊಂದು ಗಂಟೆ ಕಾಯಲು ಹೇಳಿದರು. ಆ ಒಂದು ಗಂಟೆ ನಾಲ್ವರೂ ಗೋಡೆಗೊರಗಿ ಕೂತೆವು. ಅಲ್ಮಾಜ್ ಪಾದಗಳನ್ನು ಚಾಚಿದ್ದರು. ಹಿರುತ್ ಅವನ್ನು ತನ್ನ ತೊಡೆಯ ಮೇಲೆಳೆದುಕೊಂಡು ಒತ್ತುತ್ತಿದ್ದಳು. ನಾಳೆ ಶನಿವಾರ, ಅವಳ ಸಂತೆಯ ದಿನ ಎಂದು ನನಗೆ ಆಗ ಹೊಳೆಯಿತು. "ನಿನ್ನ ಅಂಗಡಿ?" ಎಂದೆ. "ಮುಚ್ಚಿದೆ," ಎಂದಳು. ಅಲ್ಮಾಜ್ ಕಣ್ಣು ಮುಚ್ಚಿಕೊಂಡೇ ಕೇಳಿದರು: "ನಿಮ್ಮ ಪಾಠ ಕೇಳಿದ್ದಿದ್ರೆ ಈ ವಾರ ಯಾರ ಮನೆ ಬಾಗಿಲು ತಟ್ಬೇಕಿತ್ತು ಬ್ರದರ್?"

ಒಂದು ಗಂಟೆಯ ನಂತರ ಹುಯ್ದದ್ದು ಮುಚ್ಚಳ ತೆಗೆದಾಗ ಮೈಯೆಲ್ಲ ಕಣ್ಣಾಗಿತ್ತು. ಮದುವೆಗೆ ಮುನ್ನೂರೂ ಹೋದವು.

ಅಲ್ಮಾಜ್ ಈಗಲೂ ಹಾರ್ನ್‌ಬಿಯಲ್ಲೇ ಇದ್ದಾರೆ. ಕೆಲಸಕ್ಕೆ ನಾಲ್ಕು ಜನ ಹೆಂಗಸರು. ಕಲಿತು ಬಿಟ್ಟು ಹೋಗುವವರಿಗೆ ಅವರೇ ಒಂದು ಡಬ್ಬಿ ಕಟ್ಟಿಕೊಡುತ್ತಾರೆ. ಪಾದಗಳು ಊದುವುದು ನಿಂತಿಲ್ಲ. ದಣಿವು ಕಳೆಯಲೆಂದು ವ್ಯಾಪಾರ ಮಾಡುತ್ತಾರೆ ಎಂದು ಭಾವಿಸಿದ್ದವನು ನಾನು. ದಣಿವನ್ನು ಹಂಚಿಕೊಳ್ಳುವಷ್ಟು ಜನರನ್ನು ಅವರು ಸೇರಿಸಿಕೊಂಡಿದ್ದಾರೆ, ಅಷ್ಟೆ.

ಹೋದ ವರ್ಷ ತ್ಸೆಹಾಯ್ ಆಂಟಿ ತೀರಿಕೊಂಡರು. ಶೈಲಾ ಮತ್ತು ನಾನು ಅವರ ಮನೆಗೆ ಹೋಗಿ ಕೂತಿದ್ದೆವು. ಅಲ್ಮಾಜ್ ಕಾಫಿ ತಂದು ನನ್ನ ಪಕ್ಕ ಕೂತರು. "ಆವತ್ತು ಸಿಂಕಿನ ಹತ್ರ ಆಂಟಿ ಏನಂದ್ರು ಅಂತ ಕೇಳಿದ್ರಲ್ಲ. ನಾನು ಸುಳ್ಳು ಹೇಳಿದ್ದೆ. ಅವರು ಅಂದಿದ್ದು: ಅವನು ಮೂಸಿ ನೋಡಿದ, ಅವನಿಗೆ ಗೊತ್ತಾಯ್ತು, ಆಮೇಲೆ ಚೆಲ್ಲಿದ."

ಲೋಟವನ್ನು ಕೆಳಗಿಟ್ಟೆ. "ಆಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ದಿದ್ರೆ ನೀವು ಬುಧವಾರ ಬರ್ತಿರಲಿಲ್ಲ. ನನಗೆ ಜನ ಬೇಕಿತ್ತು."

ಹೌದು, ಮೂಸಿದ್ದೆ. ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ನಮ್ಮ ವಠಾರದ ಅಡುಗೆಮನೆಗಳ ಹುಳಿ ಅದು, ಕತ್ತಲೆಯಲ್ಲೂ ಗುರುತಿಸುತ್ತಿದ್ದೆ. ಇದು ಬದುಕಿರುವ ವಸ್ತು, ಯಾರೋ ಬೇಕೆಂದೇ ಇಟ್ಟದ್ದು ಎಂದು ಮೂಗಿಗೆ ತಿಳಿಯಿತು. ತಲೆ ಎತ್ತಿದೆ. ಗೋಡೆಯ ಮೇಲೆ ನಾಲ್ಕನೆಯ ನಿಯಮ, ನನ್ನದೇ ಅಕ್ಷರ. ಅಲ್ಮಾಜರನ್ನು ಕೂಗಿ ಕೇಳಲು ಹತ್ತು ಹೆಜ್ಜೆ. ಕೇಳಿದರೆ ನನ್ನ ಪಟ್ಟಿ ತಪ್ಪಾಗುತ್ತಿತ್ತು. ಸುರಿದೆ.

ಇವತ್ತು ಬೆಳಿಗ್ಗೆ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಅನಘಾಳನ್ನು ಕೂರಿಸಿಕೊಂಡು, ಇದನ್ನು ಬದಲಾಯಿಸದೆ ಹೇಳಿದೆ. ಅವಳು ಡಬ್ಬಿಯನ್ನು ಎಳೆದುಕೊಂಡು ಮೂಸಿದಳು. "ಅಮ್ಮನ್ನ ಕೇಳೋಣ," ಎಂದಳು, ಕನ್ನಡದಲ್ಲಿ. ಶೈಲಾ ಸ್ನಾನ ಮುಗಿಸಿ ಬರುವ ತನಕ ಇಬ್ಬರೂ ಕಾಯುತ್ತಾ ಕೂತೆವು.

ಆ ಮಂಗಳವಾರ ಹತ್ತೂಕಾಲಿಗೆ ಆ ಅಡುಗೆಮನೆಯಲ್ಲಿ ನಾನು ಮೂಸಿದ್ದನ್ನು ಕಂಡವರು ತ್ಸೆಹಾಯ್ ಆಂಟಿ ಒಬ್ಬರೇ, ಅವರಿಲ್ಲ. ಖಾಲಿ ಡಬ್ಬಿಯನ್ನೂ ಆಂಟಿಯ ಅಂಗೈಯನ್ನೂ ಕಂಡವರು ಅಲ್ಮಾಜ್. ಅವರಿದ್ದಾರೆ, ಹಾರ್ನ್‌ಬಿಯಲ್ಲಿ, ಅದೇ ಟೈರ್ ಅಂಗಡಿಯ ಹಿಂದೆ. ಕೇಳಿದರೆ ಹೇಳುತ್ತಾರೆ.